ಬೆಳೆಯುವ ಹುಡುಗರೂ ಹಿರಿಯರ ಮೌನವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ—ಈ ನಾಲ್ಕು ತಾಲ್ಲೂಕುಗಳ ಯಾವ ಪ್ರೌಢಶಾಲೆಯ ಅಂಗಳದಲ್ಲಾದರೂ ಬೆಳಗಿನ ಪ್ರಾರ್ಥನೆಯ ವೇಳೆಗೆ ನಿಂತು ನೋಡಿದವರಿಗೆ ಒಂದು ನೋಟವು ಕಣ್ಣಿಗೆ ಬೀಳದೆ ಇರದು. ಎಂಟನೆಯ ತರಗತಿಯ ಹುಡುಗರ ಸಾಲಿನಲ್ಲಿ ಎಲ್ಲರಿಗೂ ಹದಿಮೂರರ ಆಸುಪಾಸಿನ ವಯಸ್ಸು. ಆದರೆ ಸಾಲಿನ ಕೊನೆಯಲ್ಲಿ ನಿಂತವನು ಉಪಾಧ್ಯಾಯರ ಭುಜಕ್ಕೆ ಬಂದಿದ್ದಾನೆ. ಅವನ ಮೇಲ್ದುಟಿಯ ಮೇಲೆ ಮಸಿಯ ಗೆರೆಯಂತೆ ಮೀಸೆ ಮೂಡಿದೆ. ನಾಡಗೀತೆಯನ್ನು ಹಾಡುವಾಗ ಅವನ ಕಂಠ ಗಡಸು. ಸಾಲಿನ ಮೊದಲಲ್ಲಿ ನಿಂತವನಾದರೋ ಕಿರಿಯ ಪ್ರಾಥಮಿಕ ಶಾಲೆಯಿಂದ ದಾರಿತಪ್ಪಿ ಬಂದವನಂತೆ ತೋರುತ್ತಾನೆ. ಇಬ್ಬರೂ ಒಂದೇ ಊರಿನವರು, ಒಂದೇ ಬಗೆಯ ಮುದ್ದೆಯನ್ನು ಉಂಡವರು, ಒಂದೇ ತಿಂಗಳಿನಲ್ಲಿ ಹುಟ್ಟಿದವರೂ ಆಗಿರಬಹುದು. ಇಬ್ಬರೂ ಆರೋಗ್ಯವಂತರು, ಇಬ್ಬರಲ್ಲಿ ಯಾರಿಗೂ ಯಾವ ಕೊರತೆಯೂ ಇಲ್ಲ. ಇಷ್ಟು ಸರಳವಾದ ಮಾತನ್ನು ಆ ಹುಡುಗರಿಗೆ ಹೇಳುವವರು ಯಾರೂ ಇಲ್ಲವೆಂಬುದೇ ನಮ್ಮ ಇಂದಿನ ಲೇಖನದ ವಿಷಯವಾಗಿದೆ.

ಇಂತಹ ಸಂಗತಿಯನ್ನು ಪತ್ರಿಕೆಯ ಈ ಪುಟದಲ್ಲಿ ಎತ್ತುವುದು ಉಚಿತವೇ ಎಂದು ವಾಚಕ ಮಹಾಶಯರಲ್ಲಿ ಕೆಲವರು ಶಂಕಿಸಿಯಾರು. ನಾಲೆಯ ನೀರು, ಕಬ್ಬಿನ ದರ, ರಸ್ತೆಯ ದುರಸ್ತಿ—ಇವುಗಳ ವಿಷಯವಾಗಿ ಎಷ್ಟು ಬರೆದರೂ ಯಾರಿಗೂ ಸಂಕೋಚವಿಲ್ಲ. ಆ ನಾಲೆಯ ನೀರಿನಿಂದ ನಾಳೆ ಬೆಳೆ ತೆಗೆಯಬೇಕಾದವರ ಮೈಮನಸ್ಸುಗಳ ಸೌಖ್ಯವು ಮಾತ್ರ ಸಾರ್ವಜನಿಕ ವಿಷಯವಲ್ಲವೆಂದು ಹೇಳುವುದು ಹೇಗೆ? ಹುಡುಗಿಯರ ವಿಚಾರದಲ್ಲಿ ನಮ್ಮ ಸಮಾಜವು ಇಷ್ಟು ಮೂಕವಾಗಿಲ್ಲ. ಹೆಣ್ಣುಮಗಳು ಮೈನೆರೆದಳೆಂದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಸೋದರಮಾವನು ಗುಡ್ಲು ಹಾಕುವ, ಒಸಗೆ ಮಾಡಿ ಆರತಿ ಎತ್ತುವ ಪದ್ಧತಿಯು ನಮ್ಮ ಸೀಮೆಯ ಹಳ್ಳಿಗಳಲ್ಲಿ ಬಹುಕಾಲದಿಂದ ಬಂದದ್ದು. ಮೈಲಿಗೆಯ ಹೆಸರಿನಲ್ಲಿ ಮಗುವನ್ನು ಮನೆಯಿಂದ ಹೊರಗಿಡುವುದನ್ನು ನಾವು ಎಂದಿಗೂ ಸಮರ್ಥಿಸುವವರಲ್ಲ. ಆದರೂ ಆಕೆಗೆ ಎರಡು ಬುದ್ಧಿಮಾತು ಹೇಳಲು ತಾಯಿಯೋ ಅಜ್ಜಿಯೋ ಸೋದರತ್ತೆಯೋ ಇರುತ್ತಾರೆ. ಗಂಡುಹುಡುಗನಿಗೆ ಅಂತಹ ದಿನವೇ ಇಲ್ಲ. ಅವನ ಬದಲಾವಣೆಯು ಒಂದು ಗೊತ್ತಾದ ದಿವಸ ಸಂಭವಿಸುವಂಥದಲ್ಲ. ಅದು ವರ್ಷಾನುಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಆದುದರಿಂದ ಅದಕ್ಕೆ ಶಾಸ್ತ್ರವೂ ಇಲ್ಲ, ಸಂಭ್ರಮವೂ ಇಲ್ಲ, ಮಾತೂ ಇಲ್ಲ.

ಈ ವಿಷಯದಲ್ಲಿ ವೈದ್ಯಶಾಸ್ತ್ರವು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ಗಂಡುಮಕ್ಕಳಲ್ಲಿ ಯೌವನದ ಆರಂಭವು ೯ನೆಯ ವರ್ಷದಿಂದ ೧೪ನೆಯ ವರ್ಷದೊಳಗೆ ಯಾವಾಗ ಬೇಕಾದರೂ ಆಗಬಹುದು. ಈ ಐದು ವರ್ಷಗಳ ಅಂತರವೆಲ್ಲವೂ ಸಹಜವೆಂದೇ ವೈದ್ಯರು ಎಣಿಸುತ್ತಾರೆ. ಮಿದುಳಿನ ತಳದಲ್ಲಿರುವ ಬಟಾಣಿಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿಂದ ಅಪ್ಪಣೆ ಹೊರಟು, ವೃಷಣಗಳು ಬೆಳೆದು, ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಉತ್ಪತ್ತಿ ಮಾಡತೊಡಗುತ್ತವೆ. ಇದು ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ಅನೇಕವೇಳೆ ಹುಡುಗನ ಗಮನಕ್ಕೂ ಬರುವುದಿಲ್ಲ. ಮೈಗೂದಲು, ಎತ್ತರ, ಕಂಠದ ಒಡಕು, ಮೀಸೆ—ಇವೆಲ್ಲ ಆಮೇಲಿನವು. ಮೀಸೆಯಾದರೂ ಮೊದಲು ಮೇಲ್ದುಟಿಯ ಎರಡು ಕೊನೆಗಳಲ್ಲಿ ಚಿಗುರಿ, ತರುವಾಯ ನಡುವೆ ಕೂಡಿಕೊಳ್ಳುತ್ತದೆ. ಗಲ್ಲದ ಗಡ್ಡವು ಎಲ್ಲಕ್ಕಿಂತ ಹಿಂದೆ ಬರುತ್ತದೆ. ಇಂಗ್ಲೆಂಡಿನ ವೈದ್ಯರಾದ ಮಾರ್ಷಲ್ ಮತ್ತು ಟ್ಯಾನರ್ ಎಂಬವರು ಬಾಲಕರ ಬೆಳವಣಿಗೆಯನ್ನು ಕ್ರಮವಾಗಿ ಪರಿಶೀಲಿಸಿ, ೧೯೭೦ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬನು ಎರಡು ವರ್ಷಗಳೊಳಗೆ ಮುಗಿಸುವ ದಾರಿಯನ್ನು ಇನ್ನೊಬ್ಬನು ಐದು ವರ್ಷಗಳ ಹತ್ತಿರದವರೆಗೆ ನಡೆಯುತ್ತಾನೆಂಬುದು ಅವರು ಕಂಡ ಮುಖ್ಯ ಸಂಗತಿ. ಅಂದರೆ ಹೊರಡುವ ಕಾಲವೂ ಬೇರೆ, ನಡಗೆಯ ವೇಗವೂ ಬೇರೆ. ಹೀಗಿರುವಾಗ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರು ಒಂದೇ ತೆರನಾಗಿ ಕಾಣಬೇಕೆಂದು ನಿರೀಕ್ಷಿಸುವುದೇ ಅಸಹಜ.

ಇದು ನಮ್ಮ ರೈತಬಾಂಧವರಿಗೆ ತಿಳಿಯದ ತತ್ತ್ವವೇನಲ್ಲ. ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ರಾಗಿಯ ತಳಿಗಳಲ್ಲಿ ಅಲ್ಪಾವಧಿಯವೂ ಇವೆ, ದೀರ್ಘಾವಧಿಯವೂ ಇವೆ. ಒಂದೇ ದಿವಸ ಬಿತ್ತಿದ ಎರಡು ತಾಕುಗಳಲ್ಲಿ ಒಂದು ತೆನೆ ಬಿಟ್ಟಿದ್ದು, ಇನ್ನೊಂದು ಇನ್ನೂ ಹಸುರಾಗಿಯೇ ಇದ್ದರೆ ನಾಗಮಂಗಲದ ಯಾವ ಒಕ್ಕಲಿಗನೂ ಎರಡನೆಯದನ್ನು ಕಿತ್ತೆಸೆಯುವುದಿಲ್ಲ. ಅದರ ಅವಧಿಯನ್ನು ಬಲ್ಲವನಾದುದರಿಂದ ಕಾಯುತ್ತಾನೆ. ಹುಡುಗರ ಅವಧಿಯೂ ಬಹುಮಟ್ಟಿಗೆ ವಂಶದಿಂದಲೇ ಬರುತ್ತದೆ. ತಡವಾಗಿ ಬೆಳೆದ ಹುಡುಗನ ತಂದೆಯನ್ನೋ ಸೋದರಮಾವನನ್ನೋ ವಿಚಾರಿಸಿದರೆ, ಅವರೂ ತಮ್ಮ ಕಾಲದಲ್ಲಿ ಸಾಲಿನ ಮೊದಲಲ್ಲಿ ನಿಂತವರೆಂಬುದು ಅನೇಕವೇಳೆ ಹೊರಬೀಳುತ್ತದೆ. ಆ ತಂದೆಯು ಮಗನನ್ನು ಬಳಿಗೆ ಕರೆದು, “ನಾನೂ ಹತ್ತನೆಯ ತರಗತಿಯವರೆಗೆ ಕುಳ್ಳನೇ ಆಗಿದ್ದೆ ಕಣಪ್ಪ” ಎಂದು ಒಂದು ಮಾತು ಹೇಳಿದ್ದರೆ, ಆ ಮಗುವು ಎಷ್ಟು ರಾತ್ರಿಗಳ ಚಿಂತೆಯಿಂದ ಪಾರಾಗುತ್ತಿತ್ತು!

ಎತ್ತರದ ವಿಷಯದಲ್ಲಿ ಒಂದು ಸುಲಭವಾದ ಲೆಕ್ಕವಿದೆ. ತಂದೆಯ ಎತ್ತರವನ್ನೂ ತಾಯಿಯ ಎತ್ತರವನ್ನೂ ಸೆಂಟಿಮೀಟರಿನಲ್ಲಿ ಕೂಡಿಸಿ, ಅದಕ್ಕೆ ೧೩ನ್ನು ಸೇರಿಸಿ, ಎರಡರಿಂದ ಭಾಗಿಸಿದರೆ ಮಗನು ಮುಟ್ಟಬಹುದಾದ ಎತ್ತರದ ಅಂದಾಜು ದೊರೆಯುತ್ತದೆ. ತಂದೆ ೧೬೫, ತಾಯಿ ೧೫೨ ಇದ್ದರೆ ಮಗನಿಗೆ ೧೬೫ರ ಆಸುಪಾಸು. ಅದರಿಂದ ಎಂಟು ಸೆಂಟಿಮೀಟರಿನಷ್ಟು ಮೇಲಾದರೂ ಕೆಳಗಾದರೂ ಅಚ್ಚರಿಯಿಲ್ಲ. ಬೆಳವಣಿಗೆಯ ಭರವು ಹದಿಮೂರು ಹದಿನಾಲ್ಕರ ಸುಮಾರಿಗೆ ಹೆಚ್ಚಿನವರಲ್ಲಿ ತುದಿ ಮುಟ್ಟುತ್ತದೆ; ಆ ಒಂದು ವರ್ಷದಲ್ಲಿ ೯ ಸೆಂಟಿಮೀಟರಿನಷ್ಟು ಬೆಳೆದುಬಿಡುವವರುಂಟು. ತಡವಾಗಿ ಹೊರಟವನಿಗೆ ಆ ವರ್ಷವೂ ತಡವಾಗಿಯೇ ಬರುತ್ತದೆ. ಬೇಗ ಬೆಳೆದವರ ಎಲುಬುಗಳು ಬೇಗ ಬಲಿತು ನಿಂತಮೇಲೂ ಇವನು ಬೆಳೆಯುತ್ತಲೇ ಇರುತ್ತಾನೆ. ಹದಿನೆಂಟಕ್ಕೆ ಎಲ್ಲವೂ ಮುಗಿಯಿತೆಂಬುದೂ ಸರಿಯಲ್ಲ. ಭುಜ ಹರವಾಗುವುದು, ಮಾಂಸಖಂಡ ತುಂಬುವುದು ಇಪ್ಪತ್ತರ ಆಚೆಗೂ ಸಾಗುತ್ತದೆ. ಗಡ್ಡವು ಒತ್ತಾಗಲು ಇಪ್ಪತ್ತೈದಾದರೂ ಆದೀತು. ಕೆಲವು ಮನೆತನಗಳಲ್ಲಿ ಅದು ಎಂದಿಗೂ ಒತ್ತಾಗುವುದಿಲ್ಲ. ಇದರಿಂದ ಪೌರುಷಕ್ಕೆ ಬಂದ ಕುಂದು ಯಾವುದೂ ಇಲ್ಲ.

ಇನ್ನು ಹುಡುಗರು ಯಾರೊಡನೆಯೂ ಹೇಳಿಕೊಳ್ಳಲಾರದ ಕೆಲವು ಅಂಜಿಕೆಗಳಿವೆ. ಹರೆಯದ ನಡುವೆ ಎದೆಯ ತೊಟ್ಟಿನ ಹಿಂದೆ ಗಟ್ಟಿಯಾದ ಚಿಕ್ಕ ಗಂಟು ಮೂಡಿ, ಮುಟ್ಟಿದರೆ ನೋಯುವುದುಂಟು. ಹುಡುಗರಲ್ಲಿ ಅರ್ಧದಷ್ಟು ಮಂದಿಗಾದರೂ ಇದು ಸ್ವಲ್ಪಮಟ್ಟಿಗೆ ಬರುತ್ತದೆ. ಆರು ತಿಂಗಳಿಂದ ಎರಡು ವರ್ಷಗಳೊಳಗೆ ಬಹುಪಾಲು ತಾನಾಗಿ ಇಳಿದುಹೋಗುತ್ತದೆ. ಇದನ್ನು ತಿಳಿಯದ ಬಾಲಕನು ಅಂಗಿ ಕಳಚಲು ನಾಚಿ, ಈಜು ಬಿಟ್ಟು, ಆಟ ಬಿಟ್ಟು ಮೂಲೆ ಸೇರುತ್ತಾನೆ. ವೃಷಣಗಳಲ್ಲಿ ಒಂದು ಇನ್ನೊಂದಕ್ಕಿಂತ ಕೊಂಚ ಕೆಳಗಿರುವುದು ಸಾಮಾನ್ಯ. ಮೂಗು ಕಿವಿಗಳು ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣದಲ್ಲಿರುವಂತೆ ಉಳಿದ ಅವಯವಗಳೂ ಇರುತ್ತವೆ. ನಿದ್ರೆಯಲ್ಲಿ ತಾನಾಗಿ ಆಗುವ ಸ್ಖಲನವು ಬೆಳವಣಿಗೆಯ ಲಕ್ಷಣವೇ ಹೊರತು ರೋಗವಲ್ಲ. ನಲವತ್ತು ಹನಿ ರಕ್ತದಿಂದ ಒಂದು ಹನಿ ಧಾತು ಆಗುತ್ತದೆಂಬ ನಂಬಿಕೆಗೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಈ ನಂಬಿಕೆಯಿಂದ ಹುಟ್ಟುವ ದಣಿವು, ನಿದ್ರಾಹಾನಿ, ಖಿನ್ನತೆಗಳನ್ನು ಕಂಡೇ ಡಾ. ನರೇಂದ್ರನಾಥ ವಿಗ್ ಎಂಬ ಮನೋವೈದ್ಯರು ೧೯೬೦ರಲ್ಲಿ ಅದಕ್ಕೆ ಧಾತು ಸಿಂಡ್ರೋಮ್ ಎಂದು ಹೆಸರಿಟ್ಟರು. ಕಾಹಿಲೆಯಿರುವುದು ಧಾತುವಿನಲ್ಲಲ್ಲ, ಭಯದಲ್ಲಿ ಎಂಬುದೇ ಅದರ ತಾತ್ಪರ್ಯ.

ಈ ಭಯವನ್ನು ನಂಬಿ ಬದುಕುವವರು ಇದ್ದಾರೆ. ನಮ್ಮ ಊರುಗಳ ಬಸ್ ನಿಲ್ದಾಣದ ಗೋಡೆ, ಶೌಚಾಲಯದ ಬಾಗಿಲು, ಹೆದ್ದಾರಿಯ ಪಕ್ಕದ ಡೇರೆ, ಈಗ ಹುಡುಗನ ಕೈಯಲ್ಲಿರುವ ಮೊಬೈಲು—ಎಲ್ಲೆಲ್ಲಿಯೂ “ಗುಪ್ತ ದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ”, “ಮೂರು ತಿಂಗಳಲ್ಲಿ ಎತ್ತರ” ಎಂಬ ಬಗೆಯ ಘೋಷಣೆಗಳು. ಹಳ್ಳಿಯಿಂದ ಕಾಲೇಜಿಗೆ ಬರುವ ಹದಿನೇಳು ವರ್ಷದ ಒಬ್ಬ ಹುಡುಗನನ್ನು ವಾಚಕರು ಊಹಿಸಿಕೊಳ್ಳಲಿ. ಗೆಳೆಯರು ಅವನ ನುಣುಪು ಗಲ್ಲವನ್ನು ಕಂಡು ಹಾಸ್ಯಮಾಡುತ್ತಾರೆ. ಅಪ್ಪನಿಗೆ ಹೇಳಲು ಹೆದರಿಕೆ; ಅಮ್ಮನಿಗೆ ಹೇಳಲು ನಾಚಿಕೆ; ಮೇಷ್ಟರು ಆ ಪಾಠದ ಪುಟಗಳನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಮಗುಚಿದ್ದಾರೆ. ಗೋಡೆಯ ಮೇಲಿನ ದೂರವಾಣಿ ಸಂಖ್ಯೆಯೊಂದೇ ಅವನೊಡನೆ ಮಾತಾಡಲು ಸಿದ್ಧವಾಗಿದೆ. ಆ ಮೇಲೆ ನಡೆಯುವುದನ್ನು ನಾವು ವಿಸ್ತರಿಸಬೇಕಾಗಿಲ್ಲ. ಪುಸ್ತಕಕ್ಕೆಂದು ತಂದ ಹಣ ಪುಡಿಯ ಪೊಟ್ಟಣಕ್ಕೆ ಹೋಗುತ್ತದೆ; ಪೊಟ್ಟಣದಲ್ಲಿ ಏನಿದೆಯೆಂಬುದನ್ನು ಕೊಟ್ಟವನೂ ಹೇಳಲಾರ. ಎರಡು ವರ್ಷ ಕಳೆದು ಮೀಸೆ ಬಂದರೆ ಅದು ಔಷಧದ ಮಹಿಮೆಯೆಂದು ಹುಡುಗನೇ ನಂಬಿ, ಇನ್ನೊಬ್ಬನಿಗೆ ಶಿಫಾರಸು ಮಾಡುತ್ತಾನೆ. ಪ್ರಕೃತಿಯು ಧರ್ಮಾರ್ಥವಾಗಿ ಕೊಡುವುದನ್ನು ವಂಚಕನು ಬೆಲೆಗೆ ಮಾರುತ್ತಾನೆ. ಅವನ ಬಂಡವಾಳವು ಗಿಡಮೂಲಿಕೆಯಲ್ಲ. ನಮ್ಮ ಮನೆಗಳ ಮೌನ.

ಪುಡಿಯ ಪೊಟ್ಟಣಕ್ಕಿಂತಲೂ ಅಪಾಯಕರವಾದದ್ದು ವ್ಯಾಯಾಮಶಾಲೆಗಳ ಮರೆಯಲ್ಲಿ ಕೈಬದಲಾಗುವ ಸ್ಟಿರಾಯ್ಡ್ ಚುಚ್ಚುಮದ್ದು. ಹೊರಗಿನಿಂದ ಟೆಸ್ಟೋಸ್ಟಿರೋನ್ ಬಂದೊಡನೆ ಮಿದುಳು ತನ್ನ ಅಪ್ಪಣೆಯನ್ನು ನಿಲ್ಲಿಸುತ್ತದೆ. ದೇಹವು ತನ್ನ ಸ್ವಂತ ಉತ್ಪತ್ತಿಯನ್ನು ಬಿಡುತ್ತದೆ. ಬೆಳೆಯುವ ವಯಸ್ಸಿನವನಲ್ಲಿ ಎಲುಬಿನ ತುದಿಗಳು ಕಾಲಕ್ಕೆ ಮುಂಚೆಯೇ ಮುಚ್ಚಿ ಎತ್ತರವು ಅಲ್ಲಿಗೇ ನಿಲ್ಲಬಹುದು. ದೊಡ್ಡವನಾಗಲು ಹೋದವನು ಇದ್ದ ಬೆಳವಣಿಗೆಯನ್ನೂ ಕಳೆದುಕೊಳ್ಳುತ್ತಾನೆ. ಪೊಲೀಸ್ ಹಾಗೂ ಸೈನ್ಯದ ಆಯ್ಕೆಗೆಂದು ಮುಂಜಾನೆ ರಸ್ತೆಗಳಲ್ಲಿ ಓಡುವ ನಮ್ಮ ಹಳ್ಳಿಗಳ ಹುಡುಗರಿಗೆ ಈ ಎಚ್ಚರಿಕೆಯು ಮುಖ್ಯವಾಗಿ ತಲಪಬೇಕು.

ಸರ್ಕಾರದ ಕೈಯಲ್ಲಿ ಅಧಿಕಾರವಿಲ್ಲವೆಂದು ಹೇಳುವಂತಿಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯು ೧೯೫೪ರಲ್ಲಿಯೇ ಬಂದಿದೆ. ಪುರುಷತ್ವದ ಶಕ್ತಿಯನ್ನು ವೃದ್ಧಿಮಾಡುವುದಾಗಿ ಔಷಧದ ಜಾಹೀರಾತು ಕೊಡುವುದನ್ನು ಅದು ನಿಷೇಧಿಸುತ್ತದೆ. ಅದರ ಅನುಸೂಚಿಯಲ್ಲಿ ಮನುಷ್ಯರ ಎತ್ತರವೂ ಸೇರಿದೆ. ಮೊದಲನೆಯ ಅಪರಾಧಕ್ಕೆ ಆರು ತಿಂಗಳವರೆಗೆ, ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸಬಹುದು. ಗೋಡೆಗಳನ್ನು ವಿರೂಪಗೊಳಿಸುವುದರ ವಿರುದ್ಧ ೧೯೮೧ರ ಕರ್ನಾಟಕದ ಕಾಯಿದೆಯಿದೆ. ನೋಂದಣಿಯಿಲ್ಲದೆ ಚಿಕಿತ್ಸಾಲಯ ನಡೆಸುವವರ ಮೇಲೆ ಕ್ರಮ ಕೈಗೊಳ್ಳಲು ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಿದೆ. ಆದರೆ ಕಾಯಿದೆಯು ಪುಸ್ತಕದಲ್ಲಿದೆ, ಜಾಹೀರಾತು ಗೋಡೆಯ ಮೇಲಿದೆ. ತಾಲ್ಲೂಕು ಕಚೇರಿಗೆ ಹೋಗುವ ಅಧಿಕಾರಿಗಳು ದಿನಕ್ಕೆರಡು ಬಾರಿ ಆ ಗೋಡೆಯ ಮುಂದೆಯೇ ಹಾದುಹೋಗುತ್ತಾರಲ್ಲವೆ? ಒಂದು ಬಕೀಟು ಸುಣ್ಣದ ನೀರಿಗೆ ಯಾವ ವಿಶೇಷ ಮಂಜೂರಾತಿಯೂ ಬೇಕಾಗಿಲ್ಲ.

“ನಮ್ಮ ಕಾಲದಲ್ಲಿ ನಮಗೆ ಯಾರು ಹೇಳಿಕೊಟ್ಟರು? ನಾವು ಬೆಳೆಯಲಿಲ್ಲವೆ?” ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆಯು ನ್ಯಾಯವಾದದ್ದೇ, ಉತ್ತರವನ್ನೂ ಕೊಡಬೇಕಾಗಿದೆ. ಆ ಕಾಲದಲ್ಲಿ ಊರ ಗರಡಿಮನೆಯಿತ್ತು. ಕಾವೇರಿ, ಲೋಕಪಾವನಿ, ಹೇಮಾವತಿಗಳಲ್ಲಿ, ಊರ ಕೆರೆಗಳಲ್ಲಿ ಈಜು ಇತ್ತು. ಕುಸ್ತಿಯ ಮಟ್ಟಿಯ ಮೇಲೆ ಒಂದೇ ವಯಸ್ಸಿನವರಲ್ಲಿ ಒಬ್ಬ ಸಣಕಲ, ಒಬ್ಬ ದಾಂಡಿಗ, ಒಬ್ಬ ರೋಮಶ, ಒಬ್ಬ ನುಣುಪು ಎಂಬುದನ್ನು ಹುಡುಗನು ಕಣ್ಣಾರೆ ಕಾಣುತ್ತಿದ್ದನು. ಸಣಕಲನೇ ಎರಡು ವರ್ಷದ ತರುವಾಯ ದಾಂಡಿಗನಾದುದನ್ನೂ ಕಾಣುತ್ತಿದ್ದನು. ಇಂದಿನ ಬಾಲಕನು ಕಾಣುವುದು ಮೊಬೈಲಿನ ಪರದೆಯ ಮೇಲಿನ ಒಂದೇ ಅಚ್ಚಿನ ಶರೀರಗಳನ್ನು. ಬೆಳಕು, ಬಣ್ಣ, ಮದ್ದುಗಳಿಂದ ಸಿದ್ಧಪಡಿಸಿದ ಆ ಚಿತ್ರವೇ ಅಳತೆಗೋಲಾದ ಮೇಲೆ ಅವನಿಗೆ ತನ್ನ ಮೈಯೆಲ್ಲವೂ ತಪ್ಪಾಗಿಯೇ ಕಾಣುತ್ತದೆ. ಅಲ್ಲದೆ, ಹಿಂದಿನವರೆಲ್ಲರೂ ನಿಶ್ಚಿಂತೆಯಿಂದ ಬೆಳೆದರೆಂಬುದೂ ಪೂರ್ಣಸತ್ಯವಲ್ಲ. ಪುರುಷತ್ವವರ್ಧಕ ಲೇಹ್ಯ ಗುಳಿಗೆಗಳ ಪ್ರಕಟಣೆಗಳು ನಮ್ಮ ತಾತಂದಿರ ಕಾಲದ ಪತ್ರಿಕೆಗಳಲ್ಲಿಯೂ ಇದ್ದವು. ಪತ್ರಿಕಾವೃತ್ತಿಯ ಆ ಪಾಪದಲ್ಲಿ ನಮ್ಮವರಿಗೂ ಪಾಲಿದೆಯೆಂಬುದನ್ನು ನಾವು ಮರೆಯಬಾರದು.

ತಿಳಿವಳಿಕೆ ಕೊಟ್ಟರೆ ಮಕ್ಕಳು ಕೆಡುತ್ತಾರೆಂಬ ಆಕ್ಷೇಪಣೆಯು ಇನ್ನೊಂದು. ಇದೇ ಭೀತಿಯಿಂದ ೨೦೦೭ರ ಸುಮಾರಿಗೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಶಾಲೆಗಳಲ್ಲಿನ ಹದಿಹರೆಯದ ಶಿಕ್ಷಣವನ್ನು ತಡೆಹಿಡಿದವು. ಪಾಠ ನಿಂತಿತು, ಪ್ರಶ್ನೆಗಳು ನಿಲ್ಲಲಿಲ್ಲ. ಅವು ಉಪಾಧ್ಯಾಯರ ಬಳಿಯಿಂದ ಮೊಬೈಲಿಗೆ ವರ್ಗವಾದವು, ಅಷ್ಟೆ. ನಾವು ಕೇಳುತ್ತಿರುವುದು ಶೃಂಗಾರದ ಪಾಠವನ್ನಲ್ಲ. ಮೈ ಹೇಗೆ ಬೆಳೆಯುತ್ತದೆ, ಒಬ್ಬನಂತೆ ಇನ್ನೊಬ್ಬನಿರುವುದಿಲ್ಲ, ತಡವಾದರೆ ಅಂಜಬೇಕಾಗಿಲ್ಲ, ಇಂತಿಂತಹ ಲಕ್ಷಣ ಕಂಡರೆ ಮಾತ್ರ ವೈದ್ಯರಿಗೆ ತೋರಿಸಬೇಕು—ಇಷ್ಟನ್ನು ಗಂಭೀರವಾಗಿ ಹೇಳಿದರೆ ಯಾವ ಸಂಸ್ಕೃತಿಗೂ ಧಕ್ಕೆಯಿಲ್ಲ.

ಎಲ್ಲವೂ ಸಹಜವೆಂದು ಕಣ್ಣುಮುಚ್ಚಿ ಕುಳಿತುಕೊಳ್ಳಿರೆಂಬುದು ನಮ್ಮ ಅಭಿಪ್ರಾಯವಲ್ಲ. ೯ ವರ್ಷ ತುಂಬುವ ಮೊದಲೇ ಯೌವನದ ಲಕ್ಷಣಗಳು ಕಂಡರೂ, ೧೪ ತುಂಬಿದ ಮೇಲೂ ಯಾವ ಲಕ್ಷಣವೂ ಕಾಣದಿದ್ದರೂ ವೈದ್ಯರಿಗೆ ತೋರಿಸಬೇಕು. ಮಣಿಕಟ್ಟಿನ ಒಂದು ಎಕ್ಸ್-ರೇ ಚಿತ್ರದಿಂದ ಎಲುಬಿನ ವಯಸ್ಸನ್ನು ತಿಳಿದು, ಇದು ಬರಿಯ ವಂಶದ ತಡವೋ ಅಥವಾ ಚಿಕಿತ್ಸೆ ಬೇಕಾದದ್ದೋ ಎಂಬುದನ್ನು ನಿರ್ಣಯಿಸಲು ಅವರಿಗೆ ನೆರವಾಗುತ್ತದೆ. ವೃಷಣವು ಚೀಲಕ್ಕೆ ಇಳಿಯದಿರುವುದನ್ನು ಶೈಶವದಲ್ಲಿಯೇ ಗಮನಿಸಿ ಸರಿಪಡಿಸಬೇಕು. ನೋವಿಲ್ಲದ ಗಟ್ಟಿ ಗಂಟು ಕೈಗೆ ಸಿಕ್ಕರೆ ಉಪೇಕ್ಷಿಸಬಾರದು. ಎಲ್ಲಕ್ಕಿಂತ ತುರ್ತಾದದ್ದು ವೃಷಣದಲ್ಲಿ ಇದ್ದಕ್ಕಿದ್ದಂತೆ ಹುಟ್ಟುವ ತೀವ್ರವಾದ ನೋವು. ಅದು ಒಳಗೆ ತಿರುಚಿಕೊಂಡು ರಕ್ತಸಂಚಾರ ನಿಂತಿರುವುದರ ಲಕ್ಷಣವಾಗಿರಬಹುದು. ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ನಡೆದರೆ ಅದನ್ನು ಉಳಿಸುವ ಸಂಭವ ಹೆಚ್ಚು. ನಾಚಿಕೆಯಿಂದ ಬೆಳಗಾಗುವವರೆಗೆ ಹಲ್ಲುಕಚ್ಚಿ ಮಲಗಿದ ಹುಡುಗನು ಅದನ್ನು ಕಳೆದುಕೊಳ್ಳುತ್ತಾನೆ. ಮೌನದ ಬೆಲೆಯು ಇಲ್ಲಿ ಗಂಟೆಗಳ ಲೆಕ್ಕದಲ್ಲಿ ಸಲ್ಲುತ್ತದೆ.

ಮಾಡಬೇಕಾದುದಕ್ಕೆ ಹೊಸ ಯೋಜನೆಯೇನೂ ಬೇಡ. ೧೦ರಿಂದ ೧೯ ವರ್ಷದವರಿಗೆಂದೇ ಕೇಂದ್ರ ಸರ್ಕಾರವು ೨೦೧೪ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅದರಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯಬೇಕಾದ ಸಲಹಾಕೇಂದ್ರಗಳಿಗೆ ನಮ್ಮ ರಾಜ್ಯದಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ಅಂದವಾದ ಹೆಸರಿದೆ. ಆ ಹೆಸರು ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ತಮಗೂ ಸೇರಿದ್ದೆಂದು ನಮ್ಮ ಹುಡುಗರಿಗೆ ತಿಳಿಯಪಡಿಸುವವರು ಬೇಕು. ೨೦೧೩ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಬಂದು ತೂಕ, ಎತ್ತರ ನೋಡುತ್ತವೆ. ಅಳತೆಯನ್ನು ಬರೆದುಕೊಳ್ಳುವಾಗ ಹುಡುಗನೊಡನೆ ಒಂದು ಮಾತನ್ನೂ ಆಡಿದರೆ ಅರ್ಧ ಕೆಲಸವಾದಂತೆ. ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜಿದೆ. ಮಂಡ್ಯದಲ್ಲಿ ಸರ್ಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಅಲ್ಲಿನ ತರುಣ ವೈದ್ಯರು ವರ್ಷಕ್ಕೊಮ್ಮೆ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಬಂದು, ಎಂಟನೆಯ ತರಗತಿಯ ಹುಡುಗರೊಡನೆ ಒಂದು ಗಂಟೆ ಕುಳಿತು, ಹೆಸರು ಬರೆಯದ ಚೀಟಿಗಳಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರ ಹೇಳುವುದು ಕಷ್ಟವೇ? ಮನಸ್ಸಿನ ಕ್ಲೇಶವು ಮಿತಿಮೀರಿದವರಿಗೆ ೨೦೨೨ರ ಅಕ್ಟೋಬರಿನಿಂದ ಟೆಲಿ-ಮಾನಸ್ ಸೇವೆಯು ೧೪೪೧೬ ಎಂಬ ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತಿದೆ. ಆ ಸಂಖ್ಯೆಯನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ, ವಂಚಕರ ಬರಹವನ್ನು ಅಳಿಸಿದ ಜಾಗದಲ್ಲಿಯೇ ದಪ್ಪಕ್ಷರಗಳಿಂದ ಬರೆಸಬೇಕೆಂದು ಪುರಸಭೆಯವರಿಗೂ ಸಾರಿಗೆ ಸಂಸ್ಥೆಯವರಿಗೂ ನಮ್ಮ ವಿಜ್ಞಾಪನೆ.

ಕ್ಷೇತ್ರ ಶಿಕ್ಷಣಾಧಿಕಾರಿಗಳು, ತಾಲ್ಲೂಕು ಆರೋಗ್ಯಾಧಿಕಾರಿಗಳು, ಮುಖ್ಯೋಪಾಧ್ಯಾಯರು—ಇವರೆಲ್ಲರೂ ಒಂದು ಕಾಲದಲ್ಲಿ ಅದೇ ಪ್ರಾರ್ಥನೆಯ ಸಾಲಿನಲ್ಲಿ ನಿಂತವರೇ. ಮುಂದಿನ ಶಾಲಾವರ್ಷದ ಆರಂಭದಲ್ಲಿ, ಆಟೋಟಗಳಿಗೆ ಅಳತೆ ತೆಗೆಯುವುದಕ್ಕೂ ಮುಂಚೆ, ಈ ಒಂದು ಗಂಟೆಯ ಏರ್ಪಾಡನ್ನು ಅವರು ಮಾಡಲಿ. ಅದಕ್ಕಿಂತ ಮೊದಲು ನಡೆಯಬೇಕಾದದ್ದು ಮನೆಯಲ್ಲಿದೆ. ಇಂದು ಸಂಜೆ ಗದ್ದೆಯಿಂದಲೋ ಕಚೇರಿಯಿಂದಲೋ ಹಿಂದಿರುಗುವ ತಂದೆಯು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತ ಮಗನನ್ನು ಕಂಡರೆ ಗದರಿಸದಿರಲಿ. ಜಗುಲಿಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಹದಿನಾಲ್ಕನೆಯ ವರ್ಷದ ಸಂಗತಿಯನ್ನು ಅವನಿಗೆ ಹೇಳಲಿ.